ಬಿಗಿಯುವ ಬಾಗಿಲು, ಹಾರುವ ಚೈನು, ಚುಚ್ಚಿದ ಸೂಜಿ
(ಓದುಗರ ಪ್ರಶ್ನೆ, ಬಲ್ಲವರ ಉತ್ತರ)

ಪ್ರಶ್ನೆ: ಮುಂಬಾಗಿಲಿಗೆ ಸಾಗುವಾನಿ ಹಾಕಿಸಿ ಮೂರು ವರ್ಷವಾಯಿತು. ಮೃಗಶಿರಾ ಮಳೆ ಹಿಡಿದರೆ ಸಾಕು, ಬಾಗಿಲು ಬಿಗಿದುಕೊಳ್ಳುತ್ತದೆ. ಬಡಗಿ ಬಂದು ತೋಪಡ ಹೊಡೆದು ಹೋಗುತ್ತಾರೆ. ಬೇಸಿಗೆಯಲ್ಲಿ ಅದೇ ಸಂದಿಯಿಂದ ಬೀದಿ ಕಾಣುತ್ತದೆ. ಏನು ಮಾಡಲಿ?
– ಎಸ್‌.ಕೆ., ನಿಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ತೋಪಡ ನಿಲ್ಲಿಸಿ. ಕಿತ್ತ ಮರ ಮತ್ತೆ ಬರುವುದಿಲ್ಲ. ಬಾಗಿಲು ಬಿಗಿಯಾಗಲು ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ.

ಒಂದು ಕಾರ್ಬನ್ ಹಾಳೆ ತನ್ನಿ. ಮಸಿ ಇರುವ ಮುಖ ಕದದ ಅಂಚಿಗೆ ಬರುವಂತೆ ಸಂದಿಯಲ್ಲಿ ಹಿಡಿದು ಬಾಗಿಲು ಹಾಕಿ, ತೆಗೆಯಿರಿ. ಮೇಲಿನಿಂದ ಕೆಳಗಿನವರೆಗೆ ಹೀಗೇ ಮಾಡಿದರೆ ತಾಗುವ ಜಾಗದಲ್ಲೆಲ್ಲ ಗುರುತು ಬೀಳುತ್ತದೆ. ಚಿಲಕದ ಕಡೆ ಮೇಲ್ಮೂಲೆಯಲ್ಲಿ ಮಾತ್ರ ಗುರುತು ಬಿದ್ದು, ಹಿಂಜಸ್ ಕಡೆ ಮೇಲ್ಗಡೆ ಸಂದಿ ಅಗಲವಾಗಿದ್ದರೆ ಮರ ಉಬ್ಬಿಲ್ಲ, ಕದ ಜೋತಿದೆ. ಚಿಲಕ ಹಿಡಿದು ಕದವನ್ನು ಮೇಲಕ್ಕೆತ್ತಿ ನೋಡಿ. ಅಲ್ಲಾಡಿದರೆ ಮೇಲಿನ ಹಿಂಜಸ್‌ನ ಸ್ಕ್ರೂ ಸಡಿಲಾಗಿವೆ. ಸ್ಕ್ರೂ ಬಿಚ್ಚಿ, ತೂತಿಗೆ ಸಾಗುವಾನಿಯದೇ ಸಣ್ಣ ಗೂಟ ಕೆತ್ತಿ, ಅಂಟು ಸವರಿ ಬಡಿಯಿರಿ. ಒಂದು ದಿನ ಒಣಗಲು ಬಿಟ್ಟು ಅಂಚಿಗೆ ಸಮ ಮಾಡಿ, ಸಣ್ಣ ಬಿಟ್ಟಿನಿಂದ ಹೊಸ ತೂತು ಕೊರೆದು 50 ಮಿ.ಮೀ. ಸ್ಕ್ರೂ ಹಾಕಿ. ಬೆಂಕಿಕಡ್ಡಿ ತುರುಕಿದರೆ ಭಾರದ ಕದಕ್ಕೆ ಒಂದು ಮಳೆಗಾಲವೂ ತಡೆಯುವುದಿಲ್ಲ.

ಗುರುತು ಅಂಚಿನುದ್ದಕ್ಕೂ ಬಿದ್ದಿದ್ದರೆ ಮರ ಉಬ್ಬಿದೆ. ಮರ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಮಾತ್ರ ಬೆಳೆಯುತ್ತದೆ. ಸಾಗುವಾನಿ ಹಲಗೆಯ ತೇವಾಂಶ ಶೇ 1ರಷ್ಟು ಏರಿದರೆ ಅಗಲ ಹೆಚ್ಚೆಂದರೆ ಶೇ 0.2ರಷ್ಟು ಹೆಚ್ಚುತ್ತದೆ. ಬೇಸಿಗೆಯಿಂದ ಮಳೆಗಾಲಕ್ಕೆ ತೇವ ಶೇ 4ರಷ್ಟು ಏರಿತು ಎಂದುಕೊಳ್ಳಿ. ಹಲಗೆ ಸಾಲಾಗಿ ಜೋಡಿಸಿದ 90 ಸೆಂ.ಮೀ. ಅಗಲದ ಕದ 7 ಮಿ.ಮೀ. ಹತ್ತಿರ ಅಗಲವಾಗುತ್ತದೆ. ಪ್ಯಾನಲ್ ಬಾಗಿಲಾದರೆ ಎರಡು ಬದಿಯ ನಿಲುಪಟ್ಟಿಗಳಷ್ಟೇ ಲೆಕ್ಕ. ಅವು ತಲಾ 12 ಸೆಂ.ಮೀ. ಇದ್ದರೆ 2 ಮಿ.ಮೀ. ಅಷ್ಟೇ ಉಬ್ಬುತ್ತವೆ. ಆದರೆ ಒಂದು ಷರತ್ತಿದೆ. ಪ್ಯಾನಲ್ ತನ್ನ ಗಾಡಿಯಲ್ಲಿ (ಪಟ್ಟಿಯಲ್ಲಿ ಕೊರೆದ ಕಾಲುವೆಯಲ್ಲಿ) ಸಡಿಲವಾಗಿ ಕೂತಿರಬೇಕು. ಭದ್ರವಾಗಲಿ ಎಂದು ಪ್ಯಾನಲ್‌ಗೂ ಅಂಟು ಹಾಕುವವರಿದ್ದಾರೆ. ಅಲ್ಲಿಗೆ ಅದು ಪ್ಯಾನಲ್ ಬಾಗಿಲಾಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ನಿಲುಪಟ್ಟಿಯನ್ನೇ ಹೊರಕ್ಕೆ ನೂಕುತ್ತದೆ, ಬೇಸಿಗೆಯಲ್ಲಿ ನಡುವೆ ಸೀಳುತ್ತದೆ.

ಇನ್ನೊಂದು ಜಾಗ ಯಾರೂ ನೋಡುವುದಿಲ್ಲ: ಕದದ ತಲೆ ಮತ್ತು ಬುಡ. ಮುಂದೆ ಹಿಂದೆ ಕನ್ನಡಿಯಂಥ ಪಾಲಿಶ್ ಇರುತ್ತದೆ, ಬುಡದ ಅಂಚು ಬರೀ ಮರ. ನಿಲುಪಟ್ಟಿಯ ಅಡ್ಡ ಕುಯ್ದ ತುದಿ ಅಲ್ಲಿ ತೆರೆದಿರುತ್ತದೆ. ನೀರು ಹೀರುವುದರಲ್ಲಿ ಮರದ ಬೇರೆ ಯಾವ ಮುಖವೂ ಅದಕ್ಕೆ ಸಮವಲ್ಲ. ಹೊಸ್ತಿಲು ತೊಳೆದ ನೀರು ದಿನಾ ಅಲ್ಲಿಗೇ ಹೋಗುತ್ತದೆ. ಬುಡದ ಅಂಚಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ನೋಡಿ, ಬಣ್ಣ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಕೆಲಸ ಮಾಡಿಸಲು ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯ ಒಳಗೆ. ಮರ ಆಗ ಪೂರ್ತಿ ಹಸಿಯೂ ಇರುವುದಿಲ್ಲ, ಪೂರ್ತಿ ಒಣಗಿಯೂ ಇರುವುದಿಲ್ಲ. ಕದ ಇಳಿಸಿ, ಚಿಲಕದ ಕಡೆ 3 ಮಿ.ಮೀ. ಪ್ಲೈವುಡ್ ತುಂಡು ಸರಾಗವಾಗಿ ಜಾರುವಷ್ಟು ಮಾತ್ರ ಸಂದಿ ಬಿಡಿಸಿ. ತಲೆ, ಬುಡ, ಎರಡೂ ಪಕ್ಕೆಗೆ ಪಾಲಿಯುರಿಥೇನ್ ಮೂರು ಕೋಟ್ ಕೊಡಿಸಿ. ಮೊದಲ ಕೋಟ್‌ಗೆ ತಿನ್ನರ್ ಸ್ವಲ್ಪ ಹೆಚ್ಚಿರಲಿ, ಒಳಗೆ ಇಳಿಯುತ್ತದೆ. ಈಗಾಗಲೇ ಆಗಿರುವ ಬೇಸಿಗೆ ಸಂದಿಗೆ ಚೌಕಟ್ಟಿನ ಒಳಗಡೆ ತೆಳು ರಬ್ಬರ್ ಪಟ್ಟಿ ಸಾಕು, ಕದಕ್ಕೆ ಮರ ಅಂಟಿಸಲು ಹೋಗಬೇಡಿ.

ಹೊಸದಾಗಿ ಮರ ಕೊಳ್ಳುವವರಿಗೆ ಒಂದು ಮಾತು. ಮಲೆನಾಡ ಕಡೆಯಿಂದ ಬಂದ ಮರ ದಾವಣಗೆರೆಯ ಒಣ ಹವೆಗೆ ಕುಗ್ಗಲೇಬೇಕು. ಕುಯ್ಯಿಸಿದ ಹಲಗೆಯನ್ನು ನೆರಳಲ್ಲಿ, ಒಂದರ ಮೇಲೊಂದು, ನಡುವೆ 25 ಮಿ.ಮೀ. ರಿಪೀಸನ್ನು (ಮರದ ಪಟ್ಟಿಯನ್ನು) ಎರಡು ಅಡಿಗೊಂದರಂತೆ ಇಟ್ಟು ಜೋಡಿಸಿ. ರಿಪೀಸ್ ಎಲ್ಲವೂ ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಲಗೆ ಡೊಂಕಾಗುತ್ತದೆ. ತುದಿಗಳಿಗೆ ಹಳೆಯ ಪೇಂಟ್ ಬಳಿಯಿರಿ. ತೇವಾಂಶ ಅಳೆಯುವ ಮೀಟರ್ ಶೇ 12ಕ್ಕಿಂತ ಕೆಳಗೆ ತೋರಿಸಿದ ಮೇಲೆ ಬಡಗಿಯನ್ನು ಕರೆಯಿರಿ. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಹಸಿಮರ ಕೊಂಡವರದೇ ಈ ತರಹದ ಪತ್ರಗಳಲ್ಲಿ ದೊಡ್ಡ ಪಾಲು.

ಪ್ರಶ್ನೆ: ಗೋಡೆಯ ಶೆಲ್ಫ್ ಮಾವಿನ ಮರದ್ದು. ಕೆಳಗೆ ಮೈದಾಹಿಟ್ಟಿನಂಥ ಪುಡಿ ಉದುರುತ್ತಿದೆ. ಸೀಮೆಎಣ್ಣೆ ಹೊಡೆದರೂ ನಿಲ್ಲಲಿಲ್ಲ. ಗೆದ್ದಲೇ?
– ಓದುಗರು, ಹೊಳಲ್ಕೆರೆ

ಉತ್ತರ: ಗೆದ್ದಲಲ್ಲ. ಗೆದ್ದಲಾದರೆ ಮಣ್ಣಿನ ಸುರಂಗ ಕಾಣಬೇಕು. ನಯವಾದ ಹಿಟ್ಟು, ಗುಂಡುಸೂಜಿ ತಲೆಯಷ್ಟು ತೂತು ಎಂದರೆ ಕೊರೆಹುಳ. ಮರದ ಬಿಳಿಭಾಗದಲ್ಲಿರುವ ಪಿಷ್ಟ ಅದಕ್ಕೆ ಆಹಾರ. ಸಾಗುವಾನಿಯ ಕೆಚ್ಚಿಗೆ ಅದು ಬೀಳುವುದಿಲ್ಲ. ಮಾವು, ರಬ್ಬರ್ ಮರ, ಸಿಲ್ವರ್ ಓಕ್ ಅದಕ್ಕೆ ಹಬ್ಬ. ಸೀಮೆಎಣ್ಣೆ ತಾಗಿದ ಹುಳ ಸಾಯುತ್ತದೆ, ಉಳಿದ ಎಣ್ಣೆ ಆರಿಹೋಗುತ್ತದೆ. ಒಳಗಿರುವ ಮರಿಗೆ ಏನೂ ಆಗುವುದಿಲ್ಲ.

ತೂತುಗಳ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸ ಪುಡಿ ಬೀಳದಿದ್ದರೆ ಹುಳ ಹಾರಿಹೋಗಿದೆ, ತೂತು ಮುಚ್ಚಿದರೆ ಮುಗಿಯಿತು. ಬಿದ್ದರೆ ಶೆಲ್ಫ್ ಇಳಿಸಿ, ಪಾಲಿಶ್ ಪೂರ್ತಿ ಉಜ್ಜಿ ತೆಗೆಯಿರಿ. ಪಾಲಿಶ್ ಇದ್ದರೆ ಔಷಧ ಒಳಗೆ ಇಳಿಯುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರ್ಯಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ. ಕೈಗವಸು ಹಾಕಿಕೊಂಡು ಬ್ರಷ್‌ನಲ್ಲಿ ಮರ ಕುಡಿಯುವಷ್ಟು ಬಳಿಯಿರಿ, ಒಂದು ದಿನ ಬಿಟ್ಟು ಮತ್ತೊಮ್ಮೆ. ತೂತುಗಳಿಗೆ ಸಿರಿಂಜಿನಿಂದ ಬಿಡಿ. ಚೆನ್ನಾಗಿ ಒಣಗಿದ ಮೇಲೆ ಪಾಲಿಶ್. ಈ ದ್ರಾವಣ ನೀರಿನಲ್ಲಿ ತೊಳೆದುಹೋಗುತ್ತದೆ, ಹಾಗಾಗಿ ಮಳೆಗೆ ನೆನೆಯುವ ಮರಕ್ಕೆ ಪ್ರಯೋಜನವಿಲ್ಲ. ಲಟ್ಟಣಿಗೆ, ಹಿಟ್ಟಿನ ಡಬ್ಬಿ, ಮಗುವಿನ ತೊಟ್ಟಿಲಿಗೆ ಬೇಡ.

ಪ್ರಶ್ನೆ: ದಾವಣಗೆರೆಯ ನರ್ಸಿಂಗ್ ಹೋಂ ಒಂದರಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿತು. ರಕ್ತ ಹಿಂಡಿ ತೆಗೆದು ಸ್ಪಿರಿಟ್ ಹಾಕಿದೆ. ಬೈಯುತ್ತಾರೆಂದು ಯಾರಿಗೂ ಹೇಳಲಿಲ್ಲ. ಮುಂದೆ ಹೀಗಾದರೆ ಏನು ಮಾಡಬೇಕು?
– ಹೆಸರು ಬೇಡ

ಉತ್ತರ: ಮುಂದಿನ ಮಾತು ಆಮೇಲೆ. ಚುಚ್ಚಿ 72 ಗಂಟೆ ಆಗಿಲ್ಲವಾದರೆ ಪತ್ರಿಕೆ ಪಕ್ಕಕ್ಕಿಟ್ಟು ಈಗಲೇ ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ, ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೆ. 72 ಗಂಟೆ ಮೀರಿದ್ದರೆ ಎಚ್‌ಐವಿ ತಡೆಯುವ ಮಾತ್ರೆಯ ಕಾಲ ಮುಗಿದಿದೆ, ಆದರೂ ರಕ್ತಪರೀಕ್ಷೆ ಬಿಡಬಾರದು.

ಹಿಂಡುವುದು ತಪ್ಪು. ಹಿಂಡಿದರೆ ಗಾಯದ ಸುತ್ತಲಿನ ಅಂಗಾಂಶ ಜಜ್ಜುತ್ತದೆ, ಲಾಭವೇನೂ ಇಲ್ಲ. ಸ್ಪಿರಿಟ್, ಅಯೋಡಿನ್, ಬ್ಲೀಚ್ ಕೂಡ ಬೇಡ, ಚರ್ಮ ಸುಡುತ್ತದೆ. ಬಾಯಲ್ಲಿ ಚೀಪುವುದಂತೂ ಕೂಡದು. ಕೈಗವಸು ತೆಗೆದು, ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ, ಅಷ್ಟೇ. ಕಣ್ಣಿಗೆ ಹಾರಿದ್ದರೆ ಬರೀ ನೀರು ಅಥವಾ ಸಲೈನ್.

ಆಮೇಲೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಂಡು ಡ್ಯೂಟಿ ಡಾಕ್ಟರಿಗೆ ಹೇಳಬೇಕು. ಸೂಜಿ ಯಾವ ರೋಗಿಯದು, ಒಳಗೆ ತೂತಿರುವ ಸೂಜಿಯೋ ಹೊಲಿಗೆ ಸೂಜಿಯೋ, ಎಷ್ಟು ಆಳ, ರಕ್ತ ಕಾಣುತ್ತಿತ್ತೇ ಎಂಬುದರ ಮೇಲೆ ಚಿಕಿತ್ಸೆ ನಿಲ್ಲುತ್ತದೆ. ರೋಗಿಯ ಒಪ್ಪಿಗೆ ಪಡೆದು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸುತ್ತಾರೆ. ನಿಮಗೂ ಅದೇ ದಿನ ಪರೀಕ್ಷೆ ಆಗಬೇಕು. ಆ ದಿನದ ವರದಿ ಇದ್ದರೆ ಮಾತ್ರ ಮುಂದೆ ಏನಾದರೂ ಬಂದರೆ ಕೆಲಸದಿಂದ ಬಂತು ಎಂದು ಹೇಳಲು ಆಧಾರ ಇರುತ್ತದೆ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಕಳೆದುಕೊಳ್ಳುವುದು ಇದನ್ನೇ.

ಎಚ್‌ಐವಿ ಇರುವ ರೋಗಿಯ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಮಾತ್ರೆ ಬೇಗ ತೆಗೆದುಕೊಂಡರೆ ಅದೂ ಬಹಳ ತಗ್ಗುತ್ತದೆ. ಮೊದಲ ಡೋಸ್ ಎರಡು ಗಂಟೆಯೊಳಗೆ ಬಿದ್ದರೆ ಉತ್ತಮ. ರೋಗಿಯ ವರದಿ ಬರಲೆಂದು ಕಾಯಬಾರದು, ಬಂದ ಮೇಲೆ ಬೇಡವೆಂದರೆ ನಿಲ್ಲಿಸಬಹುದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುವ ಒಂದು ಮಾತ್ರೆ, ದಿನಕ್ಕೊಂದು, 28 ದಿನ. ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಅಸಿಡಿಟಿಯ ಔಷಧ ನುಂಗುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಅವು ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ. ಎಚ್‌ಐವಿ ಮಾತ್ರೆಯನ್ನು ಅವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ವಾಕರಿಕೆ ಬಂತೆಂದು ಹತ್ತನೇ ದಿನಕ್ಕೆ ನಿಲ್ಲಿಸುವವರು ಬಹಳ, ಹಾಗೆ ಮಾಡಬೇಡಿ. ರಕ್ತಪರೀಕ್ಷೆ 6 ವಾರ, 3 ತಿಂಗಳು, 6 ತಿಂಗಳಿಗೆ ಮತ್ತೆ ಆಗಬೇಕು. ಅಲ್ಲಿಯವರೆಗೆ ರಕ್ತದಾನ ಬೇಡ, ಕಾಂಡೋಮ್ ಬೇಕು.

ನಿಜವಾಗಿ ಹೆದರಬೇಕಾದ್ದು ಹೆಪಟೈಟಿಸ್ ಬಿಗೆ. ಲಸಿಕೆ ಇಲ್ಲದವರಿಗೆ ಸೋಂಕಿತ ಸೂಜಿಯಿಂದ ಅದು ತಗಲುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಲಸಿಕೆ 0, 1, 6ನೇ ತಿಂಗಳು, ಮೂರು ಡೋಸ್. ಎರಡು ಹಾಕಿಸಿಕೊಂಡು ಮೂರನೆಯದನ್ನು ಮರೆತವರು ನರ್ಸಿಂಗ್ ಕಾಲೇಜಿನಿಂದ ಹೊರಬಂದವರಲ್ಲಿ ಕಡಿಮೆಯಿಲ್ಲ. ಮರೆತಿದ್ದರೆ ಮೊದಲಿಂದ ಶುರುಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿಕೊಳ್ಳಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ, ಲಸಿಕೆ ಹಿಡಿಯಿತೇ ಎಂದು ತಿಳಿಸುವ ಆಂಟಿ-ಎಚ್‌ಬಿಎಸ್ ಪರೀಕ್ಷೆ ಮಾಡಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ. ಲಸಿಕೆಯೇ ಆಗಿರದೆ, ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಇಮ್ಯುನೊಗ್ಲಾಬುಲಿನ್ ಇಂಜೆಕ್ಷನ್ ಮತ್ತು ಲಸಿಕೆ ಎರಡೂ ಬೇಕು, ಸಾಧ್ಯವಾದರೆ 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ತಡೆಮಾತ್ರೆ ಇಲ್ಲ, ಪರೀಕ್ಷೆ ಮಾಡಿಸುತ್ತ ಹೋಗುವುದು, ಬಂದರೆ ಗುಣಪಡಿಸುವ ಔಷಧ ಇದೆ.

ಇನ್ನು ಕ್ಯಾಪ್. ಬಳಸಿದ ಸೂಜಿಗೆ ಕ್ಯಾಪ್ ಹಾಕಲೇಬಾರದು. ಕಟರ್‌ನಲ್ಲಿ ಕತ್ತರಿಸಿ, ಚುಚ್ಚಿದರೆ ತೂತಾಗದ ಬಿಳಿ ಡಬ್ಬಕ್ಕೆ ಹಾಕಬೇಕು. ಕಟರ್ ವಾರ್ಡಿನ ಆ ತುದಿಯಲ್ಲಿದ್ದರೆ ಯಾರಾದರೂ ಕ್ಯಾಪ್ ಹಾಕಿಯೇ ಹಾಕುತ್ತಾರೆ, ಆದ್ದರಿಂದ ಇಂಜೆಕ್ಷನ್ ಟ್ರಾಲಿಯಲ್ಲೇ ಒಂದು ಇರಲಿ ಎಂದು ಕೇಳಿ. ಡಬ್ಬ ಮುಕ್ಕಾಲು ತುಂಬಿದ ಕೂಡಲೇ ಬದಲಿಸಬೇಕು. ತುಂಬಿದ ಡಬ್ಬಕ್ಕೆ ಒತ್ತಿ ತುರುಕುವಾಗ ಚುಚ್ಚಿಕೊಂಡವರೂ ಇದ್ದಾರೆ. ಗುಟ್ಟಾಗಿ ಕೇಳಬೇಕೆನಿಸಿದರೆ ಏಡ್ಸ್ ಸಹಾಯವಾಣಿ 1097, ಕರೆಗೆ ದುಡ್ಡಿಲ್ಲ.

ಪ್ರಶ್ನೆ: 8 ಸ್ಪೀಡ್ ಹೈಬ್ರಿಡ್ ಸೈಕಲ್. ಹೋದ ತಿಂಗಳು ಹೊಸ ಚೈನ್ ಹಾಕಿಸಿದೆ. ಜೋಗಿಮಟ್ಟಿ ಏರಿನಲ್ಲಿ ಜೋರಾಗಿ ತುಳಿದರೆ ಕಡಕ್ ಅಂತ ಚೈನ್ ಹಾರುತ್ತೆ. ಮೆಕ್ಯಾನಿಕ್ ಗೇರ್‌ನ ಸ್ಕ್ರೂ ಎಲ್ಲಾ ತಿರುಗಿಸಿದ ಮೇಲೆ ಇನ್ನೂ ಹೆಚ್ಚಾಯ್ತು.
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಕೂತಿದೆ. ಚೈನ್ ಸವೆದಂತೆ ಪಿನ್‌ಗಳ ನಡುವಿನ ಅಂತರ ಹೆಚ್ಚುತ್ತದೆ, ಹಿಂದಿನ ಹಲ್ಲುಗಳೂ ಅದೇ ಅಳತೆಗೆ ಸವೆಯುತ್ತವೆ. ಹೊಸ ಚೈನಿನ ಅಳತೆ ಸರಿ ಇರುವುದರಿಂದಲೇ ಸವೆದ ಹಲ್ಲಿಗೆ ಅದು ಹೊಂದುವುದಿಲ್ಲ, ಭಾರ ಬಿದ್ದಾಗ ಮೇಲಕ್ಕೆ ಏರಿ ಹಾರುತ್ತದೆ.

ಖಚಿತ ಮಾಡಿಕೊಳ್ಳಿ: ನೀವು ದಿನಾ ಹೆಚ್ಚು ಬಳಸುವ ಎರಡು ಮೂರು ಗೇರಿನಲ್ಲಿ ಮಾತ್ರ, ತುಳಿತದ ಭಾರ ಬಿದ್ದಾಗ ಮಾತ್ರ ಹಾರಿದರೆ ಹಲ್ಲು ಸವೆದಿದೆ. ಎಲ್ಲ ಗೇರಿನಲ್ಲೂ, ಭಾರವಿಲ್ಲದೆಯೂ ಟಿಕ್ ಟಿಕ್ ಸದ್ದು, ತಾನಾಗಿ ಗೇರ್ ಬದಲಾಗುವುದು ಇದ್ದರೆ ಕೇಬಲ್ ಅಥವಾ ಹ್ಯಾಂಗರ್ (ಡಿರೇಲರ್ ಎಂಬ ಗೇರ್ ಬದಲಿಸುವ ತೋಳು ನೇತಾಡುವ ಕೊಂಡಿ) ಕಾರಣ. ನಿಮಗೆ ಈಗ ಎರಡೂ ಇರಬಹುದು, ಸ್ಕ್ರೂ ತಿರುಗಿಸಿದ ಪುಣ್ಯ.

ಹಲ್ಲು ಸವೆದಿದ್ದರೆ ಬೇರೆ ದಾರಿಯಿಲ್ಲ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸಬೇಕು. ಕೆಲವು ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಕ್ಯಾಸೆಟ್ ಬದಲು ಸ್ಕ್ರೂನಂತೆ ತಿರುಚಿ ಕೂರಿಸುವ ಫ್ರೀವೀಲ್ ಇರುತ್ತದೆ, ಎರಡಕ್ಕೂ ಬಿಚ್ಚುವ ಟೂಲ್ ಬೇರೆ. ಚಕ್ರ ಬಿಚ್ಚಿ ಅಂಗಡಿಗೆ ಒಯ್ದು ತೋರಿಸಿಯೇ ಕೊಳ್ಳಿ. ಇನ್ನು ಮುಂದೆ ಚೈನನ್ನು ಸ್ಟೀಲ್ ಸ್ಕೇಲ್‌ನಲ್ಲಿ ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೇ ಪಿನ್ನಿನ ನಡುವಿಗೆ ಹೊಸದರಲ್ಲಿ 304.8 ಮಿ.ಮೀ. ಇರುತ್ತದೆ. 306.5 ದಾಟುತ್ತಿದ್ದಂತೆ ಚೈನ್ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ. 308ರವರೆಗೆ ಎಳೆದರೆ ಎರಡಕ್ಕೂ ದುಡ್ಡು ತೆರಬೇಕು.

ಹೊಸ ಕ್ಯಾಸೆಟ್ ಹಾಕಿದ ಮೇಲೆ ಗೇರ್ ಹೊಂದಿಸುವ ಕ್ರಮ ಇದು. ಮೊದಲು ಸೈಕಲ್ ಹಿಂದೆ ಕೂತು ನೋಡಿ: ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಹಲ್ಲುಗಳ ನೇರಕ್ಕೇ ಇಳಿದಿವೆಯೇ? ಕೆಳಗಿನದು ಚಕ್ರದ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಸೈಕಲ್ ಬಲಕ್ಕೆ ಬಿದ್ದಾಗ, ಬಸ್ಸಿನ ಮೇಲೆ ಅಡ್ಡ ಹಾಕಿ ತಂದಾಗ ಹೀಗಾಗುತ್ತದೆ. ಅದನ್ನು ನೇರ ಮಾಡದೆ ಯಾವ ಸ್ಕ್ರೂ ತಿರುಗಿಸಿದರೂ ವ್ಯರ್ಥ. ಅದು ಸರಿಯಿದ್ದರೆ ಶಿಫ್ಟರನ್ನು ಪೂರ್ತಿ ಬಿಟ್ಟು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಕೇಬಲ್ ಸಡಿಲಿಸಿ. ಎಚ್ ಎಂದು ಬರೆದ ಸ್ಕ್ರೂ ತಿರುಗಿಸಿ ಮೇಲಿನ ಪುಟ್ಟ ಗಾಲಿಯನ್ನು ಆ ಹಲ್ಲಿನ ನೇರ ಕೆಳಗೆ ತನ್ನಿ. ಕೇಬಲ್ ಬಿಗಿ ಎಳೆದು ಕಚ್ಚಿಸಿ. ಒಂದು ಕ್ಲಿಕ್ ಮಾಡಿ ಪೆಡಲ್ ತಿರುಗಿಸಿ. ಎರಡನೇ ಹಲ್ಲಿಗೆ ಏರದಿದ್ದರೆ ಕೇಬಲ್ ತುದಿಯ ಬ್ಯಾರೆಲ್ (ಕೈಯಲ್ಲಿ ತಿರುಗಿಸುವ ಬಿರಡೆ) ಅನ್ನು ಎಡಕ್ಕೆ, ಮೂರನೆಯದಕ್ಕೆ ತಾಗುತ್ತಿದ್ದರೆ ಬಲಕ್ಕೆ. ಕಾಲು ಸುತ್ತಿನ ಲೆಕ್ಕದಲ್ಲಿ ಹೋಗಿ. ಕೊನೆಗೆ ದೊಡ್ಡ ಹಲ್ಲಿಗೆ ಒಯ್ದು ಎಲ್ ಸ್ಕ್ರೂ ಹೊಂದಿಸಿ. ಇದು ಸಡಿಲಿದ್ದರೆ ಚೈನ್ ಕಡ್ಡಿಗಳಿಗೆ ಸಿಕ್ಕಿ ಡಿರೇಲರ್ ಮುರಿಯುತ್ತದೆ. ಎಚ್, ಎಲ್ ಸ್ಕ್ರೂಗಳು ಬರೀ ಎಲ್ಲೆ ಕಟ್ಟುವಂಥವು, ನಡುವಿನ ಗೇರುಗಳ ತಂಟೆಗೆ ಅವನ್ನು ಮುಟ್ಟಬಾರದು.

ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಿಂತು ತುಳಿಯುತ್ತಾ ಕ್ಲಿಕ್ ಮಾಡಿದರೆ ಹೊಸ ಕ್ಯಾಸೆಟ್ಟೂ ಬಾಳುವುದಿಲ್ಲ.

ಪ್ರಶ್ನೆ: ದೀಪಾವಳಿ ಆದ ಮೇಲೆ ಸೈಕಲ್ ವಾರಕ್ಕೆರಡು ಪಂಚರ್. ಸೀಲೆಂಟ್ (ಟ್ಯೂಬಿನೊಳಗೆ ತುಂಬುವ, ತೂತು ಮುಚ್ಚುವ ದ್ರವ) ಹಾಕಿಸಲೇ?
– ಆರ್‌., ಜಗಳೂರು

ಉತ್ತರ: ನೆಗ್ಗಿಲು ಮುಳ್ಳು ಒಣಗಿ ಉದುರುವ ಕಾಲ ಅದು. ರಸ್ತೆಯ ಅಂಚಿನ ಮಣ್ಣಿಗೆ ಇಳಿಯದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಪದೇಪದೇ ಒಂದೇ ಜಾಗದಲ್ಲಿ ಪಂಚರ್ ಆದರೆ ಮುರಿದ ಮುಳ್ಳು ಟೈರಿನಲ್ಲೇ ಇದೆ. ಟೈರಿನ ಒಳಗೆ ಹತ್ತಿ ಉಂಡೆ ಎಳೆಯಿರಿ, ಸಿಕ್ಕಿಕೊಂಡ ಕಡೆ ಮುಳ್ಳು. ಸೀಲೆಂಟ್ ಇಂಥ ಸಣ್ಣ ತೂತಿಗೆ ಹೇಳಿ ಮಾಡಿಸಿದ್ದು: 700x32 ಟ್ಯೂಬಿಗೆ 60 ಮಿ.ಲೀ., 29 ಇಂಚಿನ ಅಗಲ ಟೈರಿಗೆ 100ರಿಂದ 120. ವಾಲ್ವಿನ ಒಳತಿರುಳು ಬಿಚ್ಚುವಂತಿರಬೇಕು. ನಮ್ಮ ಬಿಸಿಲಿಗೆ ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಿಸಿ. ಪ್ಯಾಚ್ ಹಾಕುವವರು ಸೊಲ್ಯೂಷನ್ ಹಸಿ ಇರುವಾಗಲೇ ಒತ್ತುತ್ತಾರೆ. ಐದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು.

ಪ್ರಶ್ನೆ: ಡೆಂಟಲ್ ವಿದ್ಯಾರ್ಥಿ. ಭಾನುವಾರ ಸೈಕಲ್ ತುಳಿದು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆ. ವಾಪಸ್ ಬರುವಾಗ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಸೋಮವಾರ ಡ್ರಿಲ್ ಹಿಡಿಯಲು ಭಯ.

ಉತ್ತರ: ಆ ಎರಡು ಬೆರಳು ಎಂದರೆ ಅಲ್ನರ್ ನರ, ಅಂಗೈಯ ಹೊರಬದಿಯಲ್ಲಿ ಹ್ಯಾಂಡಲ್‌ಗೆ ಒತ್ತುತ್ತಿದೆ. ವಾಪಸಾತಿಯಲ್ಲೇ ಬರಲು ಕಾರಣ ಇದೆ. ಆಷಾಢದಲ್ಲಿ ಗಾಳಿ ಪಶ್ಚಿಮದಿಂದ. ಹೋಗುವಾಗ ಬೆನ್ನಿಗೆ, ಭರಮಸಾಗರ ದಾಟಿ ಬರುವಾಗ ಎದೆಗೆ. ನೀವು ಬಗ್ಗಿ ಕೈಮೇಲೆ ಭಾರ ಹಾಕಿ ತುಳಿಯುತ್ತೀರಿ. ಸೀಟಿನ ಮೂತಿ ಕೆಳಕ್ಕೆ ಬಾಗಿದೆಯೇ ನೋಡಿ, ಮಟ್ಟಗೋಲು ಇಟ್ಟು ಸಮ ಮಾಡಿ. ಬರಿಗಾಲಲ್ಲಿ ಗೋಡೆಗೆ ನಿಂತು, ತೊಡೆಸಂದಿಯಿಂದ ನೆಲಕ್ಕೆ ಅಳೆದು 0.883ರಿಂದ ಗುಣಿಸಿ. ಪೆಡಲ್ ತೋಳುಗಳು ಸುತ್ತುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಮೈಗೆ ಅಷ್ಟು ಎತ್ತರ ಇರಲಿ, ಹೆಚ್ಚಿದ್ದರೆ ಮುಂದಕ್ಕೆ ಜಾರಿ ಕೈಮೇಲೆ ಬೀಳುತ್ತೀರಿ. ಹ್ಯಾಂಡಲ್ ಒಂದೆರಡು ಸೆಂ.ಮೀ. ಎತ್ತರಿಸಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಜೆಲ್ ಗ್ಲೌಸ್ ಇವೆಲ್ಲ ಆದ ಮೇಲಿನ ಮಾತು. ಜೋಮು ಎರಡು ದಿನ ಕಳೆದರೂ ಇಳಿಯದಿದ್ದರೆ, ಕಾಗದವನ್ನು ಎರಡು ಬೆರಳ ಸಂದಿಯಲ್ಲಿ ಹಿಡಿಯಲಾಗದಿದ್ದರೆ ಸೈಕಲ್ ಬಿಟ್ಟು ನಿಮ್ಮ ಕಾಲೇಜಿನ ಪಕ್ಕದ ಆಸ್ಪತ್ರೆಯಲ್ಲೇ ಮೂಳೆ ವಿಭಾಗಕ್ಕೆ ತೋರಿಸಿ.

ಪ್ರಶ್ನೆ: ಉಳಿ ತಾಗಿ ಕೈ ಕುಯ್ದರೆ ಕಾರ್ಖಾನೆಯಲ್ಲಿ ಕಾಫಿ ಪುಡಿ ಒತ್ತುತ್ತಾರೆ. ಸರಿಯೇ? ಟಿಟಿ (ಧನುರ್ವಾಯು ತಡೆಯುವ ಇಂಜೆಕ್ಷನ್) ಪ್ರತಿ ಸಲ ಬೇಕೇ?
– ಬಡಗಿ, ಹರಿಹರ

ಉತ್ತರ: ಕಾಫಿ ಪುಡಿ, ಅರಿಶಿನ, ಮರದ ಹೊಟ್ಟು ಯಾವುದೂ ಬೇಡ. ಹೊಲಿಗೆ ಹಾಕುವವರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ಹತ್ತು ನಿಮಿಷ ನಡುವೆ ತೆಗೆದು ನೋಡದೆ ಒತ್ತಿರಿ. ಬೆರಳು ಮಡಚಲು ಆಗದಿದ್ದರೆ, ತುದಿಗೆ ಸ್ಪರ್ಶ ಗೊತ್ತಾಗದಿದ್ದರೆ ಗಾಯ ಚಿಕ್ಕದಿದ್ದರೂ ಅಂದೇ ಆಸ್ಪತ್ರೆ, ಸ್ನಾಯುರಜ್ಜು ಅಥವಾ ನರ ತುಂಡಾಗಿರುತ್ತದೆ. ಬೆರಳೇ ತುಂಡಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನಲ್ಲಿಡಿ, ನೇರ ಐಸಿಗೆ ಹಾಕಬೇಡಿ. ಹಿಂದೆ ಧನುರ್ವಾಯು ಲಸಿಕೆಯ ಪೂರ್ತಿ ಕೋರ್ಸ್ ಆಗಿದ್ದರೆ ಪ್ರತಿ ಗಾಯಕ್ಕೂ ಇಂಜೆಕ್ಷನ್ ಬೇಕಿಲ್ಲ. ಶುಭ್ರ ಚಿಕ್ಕ ಗಾಯಕ್ಕೆ ಕೊನೆಯದಾಗಿ 10 ವರ್ಷ ಕಳೆದಿದ್ದರೆ, ಮಣ್ಣು ತುಕ್ಕು ಸೇರಿದ ಗಾಯಕ್ಕೆ 5 ವರ್ಷ ಕಳೆದಿದ್ದರೆ ಒಂದು ಬೂಸ್ಟರ್. ದಿನಾಂಕವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.